ದಕ್ಷಿಣ ದಂಡೆಯ ನಾಲಿಗೆ

ಐವತ್ತೊಂಬತ್ತು ದಾಟುತ್ತಿರುವ, ಮಂಡಿ ನೋವಿರುವ, ಹೆಂಡತಿಯನ್ನು ಕಳೆದುಕೊಂಡು ಆರು ವರ್ಷವಾದ ಗಂಡಸು ಮತ್ತೆ ಪ್ರೀತಿಯಲ್ಲಿ ಬಿದ್ದರೆ ಗುಟ್ಟಾಗಿ ಬೀಳಬೇಕು ಎನ್ನುವಷ್ಟು ಬುದ್ಧಿ ನನಗಿತ್ತು. ಗುಟ್ಟಾಗಿಯೇ ಬಿದ್ದೆ. ಚಳಿಗಾಲವಿಡೀ ಒಂದು ನರಪಿಳ್ಳೆಗೂ ಸುಳಿವು ಸಿಗದ ಹಾಗೆ ನೋಡಿಕೊಂಡೆ. ಆಮೇಲೆ ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಆ ಗುಟ್ಟನ್ನು ನಾನೇ ರೇಡಿಯೋದಲ್ಲಿ ಇಡೀ ಕೌಂಟಿಗೆ ಓದಿ ಹೇಳಿದೆ. ಹೇಳುತ್ತಿದ್ದೇನೆಂದು ಗೊತ್ತಿಲ್ಲದೆ ಹೇಳಿದೆ ಎನ್ನುವುದೊಂದೇ ನನ್ನ ಪರವಾಗಿ ಆಡಬಹುದಾದ ಮಾತು.

ನಾನು ಹಾರ್ಲನ್ ಪ್ರೂಯಿಟ್. ಇಲಿನಾಯ್‌ನ ತೆಂಕಣ ತುದಿಯ ಮೈಲನ್ ಎಂಬ ಊರಿನಲ್ಲಿ ಒಂದು ಪುಟ್ಟ ರೇಡಿಯೋ ನಿಲಯವಿದೆ, ಅದರ ಬೆಳಗಿನ ದನಿ ನಾನೇ. ಮೈಲನ್ ಎಂದರೆ ಇಟಲಿಯಲ್ಲಿ ಮಿಲಾನ್ ಇದೆಯಲ್ಲ, ಬರೆಯುವಾಗ ಅದೇ. ನಮ್ಮ ಹಿರಿಯರು ಸಮುದ್ರದಾಚೆಯಿಂದ ಊರುಗಳ ಹೆಸರು ತಂದರು, ಉಚ್ಚಾರಣೆಯನ್ನು ಅಲ್ಲಿಯೇ ಬಿಟ್ಟು ಬಂದರು. ಹಾಗಾಗಿ ನಮ್ಮ ಕಡೆ ಕೈರೋ ಇಲ್ಲ, ಕೇರೋ ಇದೆ. ವಿಯೆನ್ನಾ ಇಲ್ಲ, ವೈಯೆನ್ನಾ ಇದೆ. ಅಥೆನ್ಸ್ ಎಂದವನಿಗೆ ಏಥೆನ್ಸ್‌ನಲ್ಲಿ ಕಾಫಿ ತಣ್ಣಗೆ ಸಿಗುತ್ತದೆ. ನ್ಯೂಯಾರ್ಕ್ ಕಡೆ ದಿಲ್ಲಿಯ ಹೆಸರಿಟ್ಟುಕೊಂಡು ಅದನ್ನು ಡೆಲ್‌ಹೈ ಎನ್ನುವ ಊರೊಂದಿದೆ ಎಂದು ಕೇಳಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ನಗುವ ಯೋಗ್ಯತೆ ನಮಗಿದೆಯೇ ಎಂದು ಯಾರೂ ಕೇಳಿಕೊಳ್ಳಲಿಲ್ಲ. ಇಲಿನಾಯ್ ಎಂಬ ನಮ್ಮ ರಾಜ್ಯದ ಹೆಸರಿನ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಎಸ್ ಬರೆಯುತ್ತೇವೆ, ಹೇಳುವುದಿಲ್ಲ. ಅದನ್ನು ಹೇಳಿದವನು ಪೆಟ್ರೋಲ್ ಬಂಕಿನಲ್ಲಿ ದಾರಿ ಕೇಳಿದರೆ ದಾರಿಯನ್ನೇನೋ ತೋರಿಸುತ್ತಾರೆ, ಆದರೆ ಸುತ್ತು ದಾರಿಯನ್ನು.

ನಮ್ಮ ಕೌಂಟಿಯ ನಡುವೆ ಒಂದು ನದಿ ಹರಿಯುತ್ತದೆ. ಯಾವ ಕಾಲದಲ್ಲೋ ತುಪ್ಪಳದ ಬೇಟೆಗೆ ಬಂದ ಫ್ರೆಂಚನೊಬ್ಬ ಅದಕ್ಕೆ ತನ್ನ ಹೆಸರಿಟ್ಟು ಹೋದನಂತೆ. ಅವನು ತನ್ನನ್ನು ಶಾರ್ಟಿಯೇ ಎಂದುಕೊಳ್ಳುತ್ತಿದ್ದನಂತೆ. ಬೇಗ ಸತ್ತದ್ದು ಒಳ್ಳೆಯದೇ ಆಯಿತು. ನಾವು ದಕ್ಷಿಣ ದಂಡೆಯ ಮೈಲನ್‌ನವರು ಅದನ್ನು ಚಾರ್ಟರ್ ಎನ್ನುತ್ತೇವೆ. ಉತ್ತರ ದಂಡೆಯ ಪೀರೂ ಊರಿನವರು ಶಾರ್ಟೀರ್ ಎನ್ನುತ್ತಾರೆ. ನಡುವೆ ಒಂದು ಸೇತುವೆ, ನಡೆದರೆ ಒಂದು ಸಿಗರೇಟು ಮುಗಿಯುವುದರೊಳಗೆ ದಾಟಬಹುದು. ಆದರೆ ಆ ಎರಡು ಉಚ್ಚಾರಣೆಗಳ ನಡುವಿನ ದೂರವನ್ನು ದಾಟಿದವರು ಬಹಳ ಕಡಿಮೆ. ಒಬ್ಬ ಮನುಷ್ಯ ಬಾಯಿ ತೆರೆದು ಆ ನದಿಯ ಹೆಸರು ಹೇಳಿದರೆ ಸಾಕು, ಅವನ ತಾಯಿ ಯಾವ ಚರ್ಚಿನಲ್ಲಿ ಕೂರುತ್ತಿದ್ದಳು ಎಂಬುದನ್ನೂ ಹೇಳಿಬಿಡುತ್ತೇವೆ.

ನಿಲಯದ ಒಡತಿ ಮಿಸೆಸ್ ಬೀಡಲ್. ಅವರದು ಒಂದೇ ಕಾನೂನು. ಯಾವ ಊರಿನ ಹೆಸರನ್ನಾದರೂ ಆ ಊರಿನವರು ಹೇಳುವ ಹಾಗೆಯೇ ಹೇಳಬೇಕು. ನದಿ ಎರಡೂ ದಂಡೆಗೆ ಸೇರಿದ್ದಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, "ನನ್ನ ಟವರ್ ನಿಂತಿರೋದು ನನ್ನ ಜಾಗದಲ್ಲಿ, ನನ್ನ ಜಾಗ ಇರೋದು ದಕ್ಷಿಣಕ್ಕೆ" ಎಂದರಂತೆ. ಅಲ್ಲಿಗೆ ಗಾಳಿಯಲ್ಲಿ ಹರಿಯುವುದು ಚಾರ್ಟರ್ ಎಂದು ತೀರ್ಮಾನವಾಯಿತು. ಪೀರೂನವರ ಸಮಾಧಾನಕ್ಕೆ ಅವರ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಫಲಿತಾಂಶವನ್ನು ಮೊದಲು ಓದುತ್ತೇವೆ. ಅವರು ಸೋತ ದಿನ ಇನ್ನೂ ನಿಧಾನವಾಗಿ, ಇನ್ನೂ ಸ್ಪಷ್ಟವಾಗಿ ಓದುತ್ತೇವೆ.

ನದಿಯ ಮಟ್ಟ, ಸತ್ತವರ ಹೆಸರು, ಶಾಲೆಯ ಮಧ್ಯಾಹ್ನದ ಊಟ, ಹಂದಿಯ ಧಾರಣೆ, ಕಳೆದುಹೋದ ನಾಯಿಗಳು. ಮೂವತ್ತು ವರ್ಷ ಬೆಳಿಗ್ಗೆ ಆರಕ್ಕೆ ಇದನ್ನೇ ಓದಿದ್ದೇನೆ. ನನ್ನ ದನಿಯ ಬಗ್ಗೆ ನನಗೆ ಬಹಳ ಹೆಮ್ಮೆ. ಮುಖದ ಬಗ್ಗೆ ಅಷ್ಟಿಲ್ಲ, ಮನೆಯಲ್ಲಿ ಕನ್ನಡಿ ಇದೆ. ಹಂದಿಯ ಧಾರಣೆಯನ್ನೂ ಪ್ರಾರ್ಥನೆಯ ಹಾಗೆ ಓದುತ್ತೇನೆ ಎಂದು ನಮ್ಮ ಪಾದ್ರಿಗಳು ಒಮ್ಮೆ ಹೇಳಿದ್ದರು. ಅದು ಹೊಗಳಿಕೆ ಎಂದೇ ನಾನು ಬಹಳ ಕಾಲ ತಿಳಿದುಕೊಂಡಿದ್ದೆ.

ಐಡೆಲಾ ಯೋಕಮ್ ಉತ್ತರ ದಂಡೆಯವಳು. ಪೀರೂ ಶಾಲೆಯ ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವಳು. ಗಂಡ ರಾಯ್ಸ್ ತೀರಿಕೊಂಡು ಮೂರು ವರ್ಷವಾಗಿತ್ತು. ಹಿಂದಿನ ನವೆಂಬರ್‌ನಲ್ಲಿ ಅವಳು ನಮ್ಮ ಕೊಡು-ಕೊಳ್ಳುವ ಕಾರ್ಯಕ್ರಮಕ್ಕೆ ಫೋನು ಮಾಡಿ, ಗಂಡನ ದೋಣಿ ಮಾರಾಟಕ್ಕಿದೆ ಎಂದಳು. ಆ ದನಿಯಲ್ಲಿ ಒಂದು ಒಣ ನಗೆಯಿತ್ತು, ಮಾರಿದರೂ ಸರಿ ಮಾರದಿದ್ದರೂ ಸರಿ ಎನ್ನುವಂಥದ್ದು. ಈಜು ಬಾರದ ನಾನು ಆ ದೋಣಿಯನ್ನು ಕೊಂಡೆ. ನೋಡಲು ಎರಡು ಸಲ ಹೋದೆ. ಸಾಗಿಸುವುದು ಹೇಗೆಂದು ಮಾತಾಡಲು ಮತ್ತೆ ನಾಲ್ಕಾರು ಸಲ ಹೋದೆ. ದೋಣಿ ಅಲ್ಲಿಯೇ ಉಳಿಯಿತು. ನಾನು ಪ್ರತಿ ಗುರುವಾರ ಸಂಜೆ ಊಟಕ್ಕೆ ಹೋಗುವವನಾದೆ.

ಅವಳು ಹೇಳಿದಂತೆ ನನ್ನ ಪಿಕಪ್ ಗಾಡಿಯನ್ನು ಅವಳ ಹಿತ್ತಲಿನ ಕೊಟ್ಟಿಗೆಯ ಹಿಂದೆ ನಿಲ್ಲಿಸುತ್ತಿದ್ದೆ. ಕಾಲರ್ ಎತ್ತಿಕೊಂಡು, ಟೋಪಿ ಮುಂದಕ್ಕೆಳೆದುಕೊಂಡು ಹಿಂಬಾಗಿಲಿಂದ ಒಳಗೆ ಹೋಗುತ್ತಿದ್ದೆ. ಕೋಳಿ ಕದಿಯಲು ಬಂದವನೂ ಅಷ್ಟು ನಾಚಿಕೊಂಡಿರಲಾರ. ಒಳಗೆ ಹೋದ ಮೇಲೆ ನನ್ನದು ಒಂದೇ ಮಂತ್ರ, ಹೌದು. ಅವಳು ಮಳೆ ಬರುತ್ತದೆ ಎಂದರೆ ಹೌದು, ಬರುವುದಿಲ್ಲ ಎಂದರೂ ಹೌದು. ಹೊಸ ಪಾದ್ರಿ ಸರಿಯಿಲ್ಲ ಎಂದರೆ ಸರಿಯಿಲ್ಲ. ತಟ್ಟೆಗೆ ಬಿದ್ದದ್ದನ್ನೆಲ್ಲ ಹೊಗಳಿದೆ. ಮುದಿವಯಸ್ಸಿನ ಪ್ರೇಮಿಗೆ ಇದಕ್ಕಿಂತ ಸುರಕ್ಷಿತವಾದ ದಾರಿಯಿಲ್ಲ ಎಂದುಕೊಂಡಿದ್ದೆ.

ಆ ಸೋಮವಾರದ ಹಿಂದಿನ ವಾರವೆಲ್ಲ ಮಳೆ. ನದಿ ಏರುತ್ತಿತ್ತು. ನಾನು ಎಂದಿನಂತೆ ಗಂಟಲು ಸರಿಮಾಡಿಕೊಂಡು ನದಿಯ ಮಟ್ಟ ಓದಿದೆ, ಸತ್ತವರನ್ನು ಓದಿದೆ, ಶಾಲೆಯಲ್ಲಿ ಇಂದು ಮಾಂಸದ ಉಂಡೆ ಎಂದೆ. ಹಂದಿಗೆ ಬರುವಷ್ಟರಲ್ಲಿ ಫೋನಿನ ದೀಪಗಳೆಲ್ಲ ಒಟ್ಟಿಗೆ ಮಿನುಗಲು ಶುರುವಾದವು. ಹಾಡೊಂದನ್ನು ಹಾಕಿ ಮೊದಲನೆಯದನ್ನು ಎತ್ತಿಕೊಂಡೆ. ಮೇವಿನ ಅಂಗಡಿಯ ಕ್ಲೀಟಸ್ ಬಾಗ್ಸ್, ನನ್ನ ಬಾಲ್ಯದ ಗೆಳೆಯ.

"ಯಾರಯ್ಯ ಆಕೆ?" ಎಂದ.

"ಯಾರು ಯಾವಾಕೆ?"

"ಅದೇ ಮಾರಾಯ, ನಿನ್ ನಾಲಿಗೆ ತಿದ್ದಿದಾಕೆ."

"ಬೆಳಿಗ್ಗೆ ಬೆಳಿಗ್ಗೆ ಕುಡಿದಿದೀಯೇನೋ?"

"ನಾನ್ ಕುಡಿದಿಲ್ಲ. ನೀನೇ ಆಚೆ ದಂಡೆ ನೀರು ಕುಡ್ದಿದೀಯ. ಶಾರ್ಟೀರ್ ಅಂದ್ಯಲ್ಲೋ ರೇಡಿಯೋದಲ್ಲಿ. ಒಂದ್ಸಲ ಅಲ್ಲ, ಎರಡ್ಸಲ. ನನ್ ಹೆಂಡ್ತಿ ಕೈಯಲ್ಲಿದ್ದ ಮೊಟ್ಟೆ ಕೆಳಗ್ಬಿತ್ತು."

ನಾನು ಹಾಗೆ ಅಂದಿರಲಾರೆ ಎಂದೆ. ಅಷ್ಟರಲ್ಲಿ ಮಿಸೆಸ್ ಬೀಡಲ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ಬಂದು ನಿಂತರು. ಎಪ್ಪತ್ತೆಂಟರ ಹೆಂಗಸು, ಕಿರುಚುವುದಿಲ್ಲ, ಕಿರುಚಿದ್ದರೆ ಎಷ್ಟೋ ವಾಸಿ.

"ಹಾರ್ಲನ್, ನನ್ನ ಗಾಳೀಲಿ ಇಷ್ಟು ವರ್ಷ ಚಾರ್ಟರ್ ಹರೀತು. ಇವತ್ತು ಶಾರ್ಟೀರ್ ಹರೀತು. ನಂಗೆ ಏನೂ ತಕರಾರಿಲ್ಲ, ಮದುವೆ ಯಾವಾಗ ಅಂತ ಹೇಳ್ಬಿಡಿ, ಹಾಕ್ಕೊಂಡು ಬರೋಕೆ ಹೊಸ ಟೋಪಿ ತಗೋಬೇಕು."

"ನಾಲಿಗೆ ಜಾರಿತು ಮಿಸೆಸ್ ಬೀಡಲ್."

"ನಾಲಿಗೆ ಸುಮ್ಸುಮ್ನೆ ಜಾರಲ್ಲ. ಯಾರದೋ ಅಡುಗೆಮನೇಲಿ ಕೂತು ಅಭ್ಯಾಸ ಆಗಿದ್ರೇನೇ ಜಾರೋದು."

ನೋಡಿ, ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಗಾಡಿಯನ್ನು ಮರೆಮಾಡಿದ್ದೆ, ಟೋಪಿಯನ್ನು ಎಳೆದುಕೊಂಡಿದ್ದೆ. ಕಿವಿಯ ಬಗ್ಗೆ ಮಾತ್ರ ಯೋಚಿಸಿರಲಿಲ್ಲ. ಐದು ತಿಂಗಳು ಗುರುವಾರ ಗುರುವಾರ ಅವಳು ಹೇಳುವುದನ್ನು ಕೇಳಿ ಕೇಳಿ, ಅದು ಕಿವಿಯಿಂದ ಇಳಿದು ನಾಲಿಗೆಗೆ ಬಂದು ಕೂತಿತ್ತು. ಬೇರೆ ಊರಿನ ಪ್ರೇಮಿಗಳು ಅಂಗಿಯ ಮೇಲಿನ ತುಟಿಬಣ್ಣದಿಂದ ಸಿಕ್ಕಿಬೀಳುತ್ತಾರೆ. ನಾವು ನದಿಯ ಹೆಸರಿನಿಂದ ಸಿಕ್ಕಿಬೀಳುತ್ತೇವೆ.

ಮಧ್ಯಾಹ್ನ ಊಟದ ಹೋಟೆಲಿಗೆ ಹೋದರೆ ನನ್ನ ಮಾಮೂಲಿ ಮೇಜಿನ ಸುತ್ತ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಡಿಸುವವಳು, "ಊಟಕ್ಕೆ ಏನಿದೆ ಅಂತ ನಿಮ್ಗೆ ಈಗ ಇಂಗ್ಲಿಷ್‌ನಲ್ಲೇ ಹೇಳ್ಲಾ, ಇಲ್ಲ ಪೀರೂ ಭಾಷೇಲಿ ಹೇಳ್ಬೇಕಾ?" ಎಂದು ಕೇಳಿದಳು. ನಾನು ಗಂಭೀರವಾಗಿ ಸೂಪು ಕುಡಿದೆ. ಅದು ಬಿಸಿಯಿತ್ತು, ಬಾಯಿ ಸುಟ್ಟುಕೊಂಡೆ. ಆ ಬಾಯಿಗೆ ಹಾಗೇ ಆಗಬೇಕಿತ್ತು.

ಸಂಜೆ ಮಗಳು ಮಾರ್ನಾ ಮನೆಗೆ ಬಂದಳು. ಅವಳು ಊರಿನಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿದ್ದಾಳೆ. ಅಂದರೆ ಆ ದಿನ ಅಪ್ಪನ ಕತೆಯನ್ನು ಅವಳು ಕನಿಷ್ಠ ಹತ್ತು ಬಾಯಿಂದ ಕೇಳಿದ್ದಳು. ಕೋಟು ಬಿಚ್ಚಲಿಲ್ಲ, ಕೂರಲೂ ಇಲ್ಲ.

"ನಿಜವಾ ಅಪ್ಪ?"

"ಏನು?"

"ಅಪ್ಪ."

"ನಿಜ," ಎಂದೆ. "ಐಡೆಲಾ ಅಂತ. ಒಳ್ಳೆಯವಳು."

"ಆಕೆ ಒಳ್ಳೆಯವಳೇ ಇರ್ಬಹುದು. ನಾನ್ ಅದಲ್ಲ ಕೇಳ್ತಿರೋದು. ಅಮ್ಮ ಸಾಯೋ ಹಿಂದಿನ ದಿನಾನೂ ಚಾರ್ಟರ್ ಅಂದ್ಳು. ಕಿಟಕಿ ತೆಗಿ, ಚಾರ್ಟರ್ ಕಾಣುತ್ತಾ ನೋಡ್ತೀನಿ ಅಂದ್ಳು. ನೀನು ಒಂದು ಚಳಿಗಾಲದಲ್ಲಿ ಅದನ್ನ ಕಳ್ಕೊಂಡ್ಯಾ?"

ಮಗಳು ಬಾಗಿಲು ಎಳೆದುಕೊಂಡು ಹೋದಳು, ನಾನು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಹೆಂಡತಿ ಲವಾನ್ ಬದುಕಿದ್ದರೆ ನನಗೆ ಚೆನ್ನಾಗಿ ಬೈದು ಆಮೇಲೆ ನಗುತ್ತಿದ್ದಳು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಬೈಯುವುದು ನೆನಪಿಗೆ ಬಂತು. ನಗು ಬರಲಿಲ್ಲ. ನನಗೆ ಬಹಳ ದುಃಖವಾಯಿತು.

ಆದರೂ ಒಂದು ಆಸೆಯಿತ್ತು. ಮೈಲನ್ ನಕ್ಕರೆ ನಗಲಿ, ಐಡೆಲಾ ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಇಷ್ಟಕ್ಕೂ ನಾನು ಅವಳಿಗಾಗಿ ನಾಲಿಗೆಯನ್ನೇ ಬದಲಾಯಿಸಿಕೊಂಡ ಗಂಡಸು. ಗುರುವಾರ ಕೂದಲು ಒಪ್ಪವಾಗಿ ಬಾಚಿಕೊಂಡು, ಇನ್ನು ಮುಚ್ಚಿಡುವುದೇನಿದೆ ಎಂದು ಗಾಡಿಯನ್ನು ಅವಳ ಮನೆಯ ಮುಂದೆಯೇ ನಿಲ್ಲಿಸಿ, ಎದೆ ಸೆಟೆಸಿಕೊಂಡು ಮುಂಬಾಗಿಲು ತಟ್ಟಿದೆ.

"ಬನ್ನಿ ಮಿಸ್ಟರ್ ಪ್ರೂಯಿಟ್," ಎಂದಳು.

ಐದು ತಿಂಗಳಿಂದ ನಾನು ಅವಳಿಗೆ ಹಾರ್ಲನ್ ಆಗಿದ್ದೆ. ಒಲೆಯ ಮೇಲೆ ಏನೂ ಇರಲಿಲ್ಲ. ಮೇಜಿನ ಮೇಲೆ ತಟ್ಟೆಗಳೂ ಇರಲಿಲ್ಲ. ಅವಳು ಎದುರು ಕೂತು ಕೈ ಕಟ್ಟಿಕೊಂಡಳು. ಶಾಲೆಯಲ್ಲಿ ಸಾಲು ತಪ್ಪಿಸಿದ ಮಕ್ಕಳನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ಸೋಮವಾರ ರೇಡಿಯೋ ಕೇಳ್ದೆ," ಎಂದಳು.

"ನಿಂಗೆ ಸಂತೋಷ ಆಗತ್ತೆ ಅನ್ಕೊಂಡಿದ್ದೆ."

"ರಾಯ್ಸ್ ನಿಮ್ಮ ದಂಡೆಯವನು. ಗೊತ್ತಾ?"

ಗೊತ್ತಿರಲಿಲ್ಲ. ಅವಳು ಗಂಡನ ಬಗ್ಗೆ ಹೆಚ್ಚು ಮಾತಾಡಿದವಳಲ್ಲ. ನಾನು ಕೇಳಿದವನೂ ಅಲ್ಲ.

"ಮದುವೆಯಾಗಿ ಸೇತುವೆ ದಾಟಿದ ವಾರಕ್ಕೇ ಶಾರ್ಟೀರ್ ಅನ್ನೋಕೆ ಶುರು ಮಾಡ್ದ. ನಮ್ಮಪ್ಪ ಬೆನ್ನು ತಟ್ಟಿದ್ರು. ನಂಗೂ ಖುಷಿಯಾಯ್ತು, ಹತ್ತೊಂಬತ್ತು ವರ್ಷದ ಹುಡುಗಿ. ಆಮೇಲೆ ನಾನು ಹೇಳಿದ ಚರ್ಚು, ನಾನು ಹೇಳಿದ ಬಣ್ಣ, ನಾನು ಹೇಳಿದ ಪಕ್ಷಕ್ಕೆ ಓಟು. ಇಪ್ಪತ್ತೇಳು ವರ್ಷ ಹೌದು ಐಡೆಲಾ, ಹೌದು ಐಡೆಲಾ. ಒಳ್ಳೆಯವನೇ. ಆದ್ರೆ ಮನೇಲಿ ಇಬ್ರಿದ್ದೂ ನಾನೊಬ್ಳೇ ಇದ್ದೆ ಮಿಸ್ಟರ್ ಪ್ರೂಯಿಟ್."

ನಾನು ಹೌದು ಎನ್ನಲು ಬಾಯಿ ತೆರೆದು, ಪುಣ್ಯಕ್ಕೆ ಮುಚ್ಚಿದೆ.

"ಅವನು ಹೋದ್ಮೇಲೆ ಮನೆಯಲ್ಲಿ ಸದ್ದೇ ಇರ್ಲಿಲ್ಲ," ಎಂದಳು. "ಬೆಳಿಗ್ಗೆ ಹಿಟ್ಟು ಕಲಸೋವಾಗ ನಿಮ್ಮ ರೇಡಿಯೋ ಹಾಕ್ತಿದ್ದೆ. ನೀವು ಚಾರ್ಟರ್ ಅಂತಿದ್ರಿ. ಅಲ್ಲಯ್ಯ ಪೆದ್ದ, ಶಾರ್ಟೀರ್ ಅಂತ ನಾನು ರೇಡಿಯೋಗೆ ಬೈತಿದ್ದೆ. ದಿನಾ. ಮಾರನೇ ದಿನ ಮತ್ತೆ ಅದೇ ಚಾರ್ಟರ್. ಎಷ್ಟು ಬೈದ್ರೂ ಜಗ್ಗದ ಒಬ್ಬ ಮನುಷ್ಯ ಇದಾನಲ್ಲ ಅಂತ ಎಷ್ಟು ಹಿತ ಆಗ್ತಿತ್ತು ಗೊತ್ತಾ? ಅವನನ್ನ ನೋಡ್ಬೇಕು ಅನ್ನಿಸ್ತು. ಅದಕ್ಕೇ ದೋಣಿ ನೆಪ ಮಾಡಿ ಫೋನ್ ಮಾಡಿದ್ದು. ಈಗ ನಾನ್ ಯಾರಿಗೆ ಬೈಲಿ?"

ಅಂದರೆ ಈಜು ಬಾರದೆ ದೋಣಿ ಕೊಂಡ ಪೆದ್ದ ನಾನೇ, ಆದರೆ ಗಾಳ ಹಾಕಿದ್ದು ಅವಳು. ಇನ್ನೊಂದು ದಿನವಾಗಿದ್ದರೆ ಇದನ್ನು ಕೇಳಿ ಕುಣಿಯುತ್ತಿದ್ದೆ.

"ನಾನು ಮತ್ತೆ ಚಾರ್ಟರ್ ಅಂತೀನಿ. ನೀನು ಹೇಳಿದ ಹಾಗೇ," ಎಂದೆ.

"ನೋಡಿದ್ರಾ," ಎಂದು ಎದ್ದಳು. "ನಾನು ಹೇಳಿದ ಹಾಗೇ ಅಂತೆ. ಇನ್ನೊಬ್ಬ ರಾಯ್ಸ್‌ನ ಸಾಕೋ ಶಕ್ತಿ ನಂಗಿಲ್ಲ. ಇನ್ನು ಬರ್ಬೇಡಿ."

ಸೇತುವೆ ದಾಟಿ ಬರುವಾಗ ಗಾಡಿಯಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ. ಚಾರ್ಟರ್, ಚಾರ್ಟರ್, ಚಾರ್ಟರ್. ಸುಲಭವಾಗಿಯೇ ಬಂತು. ಇಷ್ಟೇ ತಾನೇ ಎಂದುಕೊಂಡೆ. ಶುಕ್ರವಾರ ಬೆಳಿಗ್ಗೆ ಮೈಕಿನ ಮುಂದೆ ಕೂತು, ಇಡೀ ಮೈಲನ್ ಕಾಫಿ ಕೆಳಗಿಟ್ಟು ಕಿವಿಗೊಟ್ಟಿರುವಾಗ, ನನ್ನ ಅತ್ಯುತ್ತಮ ದನಿಯಲ್ಲಿ, "ಚಾರ್ಟೀರ್ ನದಿಯ ಮಟ್ಟ" ಎಂದೆ.

ತಿದ್ದಿಕೊಳ್ಳಲು ಹೋಗಿ, "ಶಾರ್ಟರ್" ಎಂದೆ.

ಮಿಸೆಸ್ ಬೀಡಲ್ ಒಳಗೆ ಬಂದರು. "ಇವೆರಡು ನದಿ ನಮ್ಮ ಕೌಂಟೀಲಿಲ್ಲ ಹಾರ್ಲನ್," ಎಂದರು. ಕ್ಲೀಟಸ್ ಫೋನು ಮಾಡಿ, ಎಡಬಿಡಂಗಿ ನದಿಯಲ್ಲಿ ಮೀನು ಸಿಗುತ್ತದೆಯೇ ಎಂದು ವಿಚಾರಿಸಿದ. ಪೀರೂನಿಂದ ಯಾರೋ, ನಮ್ಮ ನದಿಯನ್ನು ನಮಗೆ ವಾಪಸು ಕೊಡಿ ಎಂದರು. ಕೊನೆಗೆ ಒಡತಿಯ ಅಪ್ಪಣೆಯಾಯಿತು, ಮುಂದಿನ ಆದೇಶದವರೆಗೆ ನಾನು ಅದನ್ನು ಬರಿಯ "ನದಿ" ಎಂದಷ್ಟೇ ಹೇಳತಕ್ಕದ್ದು. ಮೂವತ್ತು ವರ್ಷದ ಅನುಭವ, ಚರ್ಚಿನ ಗಂಟೆಯಂಥ ದನಿ, ಆದರೆ ಮನೆಯ ಮುಂದಿನ ಹೊಳೆಯ ಹೆಸರು ಹೇಳಲು ಬಾರದು. ಹೊಳೆಯಲ್ಲಿ ಕಿವುಚಿದ ಹುಣಿಸೆಹಣ್ಣಿನ ಹಾಗೆ ನನ್ನ ಹೆಮ್ಮೆಯೂ ಹೋಯಿತು.

ಭಾನುವಾರ ಚರ್ಚು ಬಿಟ್ಟ ಮೇಲೆ ಮಗಳ ಅಂಗಡಿಗೆ ಹೋದೆ. ರಜೆಯ ದಿನ ಅವಳು ಅಂಗಡಿ ಗುಡಿಸಿ ಒರೆಸುತ್ತಾಳೆ ಎಂದು ಗೊತ್ತಿತ್ತು. ನನ್ನನ್ನು ನೋಡಿಯೂ ಗುಡಿಸುತ್ತಲೇ ಇದ್ದಳು. ನಾನು ಹೋಗಿ ಹೆಂಗಸರ ಕುರ್ಚಿಯಲ್ಲಿ ಕೂತೆ.

"ಕಲಿಸ್ಕೊಡು," ಎಂದೆ.

"ಏನನ್ನ?"

"ಚಾರ್ಟರ್ ಅನ್ನೋದನ್ನ. ನಿಮ್ಮಮ್ಮ ಹೇಳ್ತಿದ್ದ ಹಾಗೆ."

ಅವಳು ಪೊರಕೆಯನ್ನು ಗೋಡೆಗೊರಗಿಸಿದಳು. ಆಮೇಲೆ ಬಟ್ಟೆಯೊಂದನ್ನು ಕೊಡವಿ ನನ್ನ ಕುತ್ತಿಗೆಗೆ ಕಟ್ಟಿ, ಕತ್ತರಿ ಎತ್ತಿಕೊಂಡಳು. ಅವಳಿಗೆ ಕೈಗೆ ಕೆಲಸವಿಲ್ಲದೆ ಮಾತು ಬರುವುದಿಲ್ಲ, ಅದು ತಾಯಿಯ ಗುಣ.

"ಅನ್ನು. ಚಾರ್ಟರ್."

"ಚಾರ್ಟರ್."

"ಈಗ ಚಾರ್ಟರ್ ಏರ್ತಿದೆ ಅನ್ನು."

"ಶಾರ್ಟೀರ್ ಏರ್ತಿದೆ."

"ಅಯ್ಯೋ ದೇವರೇ," ಎಂದಳು. "ಅಪ್ಪ, ಅಮ್ಮ ಹೇಗಂತಿದ್ಳು ನೆನಪಿಲ್ವಾ? ಹಾರ್ಲನ್, ಚಾರ್ಟರ್ ಕಡೆಯಿಂದ ಮೋಡ ಬರ್ತಿದೆ, ಬಾಯ್ಮುಚ್ಕೊಂಡು ಬಟ್ಟೆ ಒಳಗೆ ತಗೋ."

ತದ್ರೂಪ ಲವಾನ್. ನಾನು ನಕ್ಕೆ. ಅವಳೂ ನಕ್ಕಳು. ಕನ್ನಡಿಯಲ್ಲಿ ನೋಡುತ್ತಿದ್ದಂತೆ ಅವಳ ನಗು ನಿಂತು, ಕತ್ತರಿಯೂ ನಿಂತಿತು. ಕಣ್ಣು ತುಂಬಿತ್ತು.

"ನಂಗೆ ಆಕೆ ಮೇಲೆ ಕೋಪ ಇಲ್ಲಪ್ಪ. ನೀನು ಒಬ್ನೇ ಇರೋದು ನಂಗೂ ಇಷ್ಟ ಇಲ್ಲ. ಅಮ್ಮ ಹೋದ್ಮೇಲೆ ಬೆಳಿಗ್ಗೆ ನಾನು ಯಾಕೆ ರೇಡಿಯೋ ಹಾಕ್ತಿದ್ದೆ ಅನ್ಕೊಂಡಿದ್ದೀಯ, ಹಂದಿ ಧಾರಣೆಗಾ? ನೀನು ಚಾರ್ಟರ್ ಅಂದಾಗ ಅಮ್ಮನೇ ಅಂದ ಹಾಗಿರ್ತಿತ್ತು. ಅದನ್ನ ಕೇಳಿ ಆಫ್ ಮಾಡ್ತಿದ್ದೆ."

ನಾನು ಮೂವತ್ತು ವರ್ಷ ನನ್ನ ದನಿಯ ಮೋಡಿಗೆ ಜನ ಮರುಳಾಗಿದ್ದಾರೆಂದು ಬೀಗಿದವನು. ಒಬ್ಬಳು ಬೈಯಲು ಕೇಳುತ್ತಿದ್ದಳು, ಇನ್ನೊಬ್ಬಳು ತನ್ನ ತಾಯಿಗಾಗಿ ಕೇಳುತ್ತಿದ್ದಳು. ನನಗಾಗಿ ಕೇಳಿದವರು ಯಾರೂ ಇದ್ದಂತಿಲ್ಲ.

"ನನ್ ಬಾಯಿಂದ ಅದು ಹೋಯ್ತು ಕಣಮ್ಮ," ಎಂದೆ. "ಎಷ್ಟು ಹುಡುಕಿದ್ರೂ ಸಿಗ್ತಿಲ್ಲ."

ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡಳು. "ಹೋಗ್ಲಿ ಬಿಡು. ನನ್ ಬಾಯಲ್ಲಿದೆ," ಎಂದಳು. ಮತ್ತೆ ಕತ್ತರಿ ಆಡಿಸಿ, "ಆಕೆ ಏನಂತಾಳೆ?" ಎಂದು ಕೇಳಿದಳು. ನಡೆದದ್ದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು, "ಆಕೆಗೆ ಬುದ್ಧಿ ಇದೆ. ನೀನೇ ಹೋಗಿ ಮಾತಾಡು. ಬಾಯಿಪಾಠ ಮಾಡ್ಕೊಂಡು ಹೋಗ್ಬೇಡ" ಎಂದಳು. ತಲೆಯ ಒಂದು ಪಕ್ಕ ಹೆಚ್ಚೇ ಕತ್ತರಿಸಿದ್ದಳು. ಅದರ ಬಗ್ಗೆ ನಾನು ಚಕಾರವೆತ್ತಲಿಲ್ಲ.

ಬರಬೇಡ ಎಂದಿದ್ದರೂ ಗುರುವಾರ ಸಂಜೆ ಹೋದೆ. ಮಗಳ ಮಾತು ಕೇಳದೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ನಾನೂ ಒಬ್ಬ ಮನುಷ್ಯ, ನನಗೂ ನನ್ನದೇ ದಂಡೆಯಿದೆ, ನನ್ನ ನದಿ ಚಾರ್ಟರ್, ಎಂದು ಶುರುವಾಗುವ ಭಾಷಣ. ಅವಳು ಬಾಗಿಲು ತೆರೆದು, ಅರ್ಧ ಬೋಳಿಸಿದಂತಿದ್ದ ನನ್ನ ತಲೆ ನೋಡಿ, ತುಟಿ ಕಚ್ಚಿಕೊಂಡಳು.

"ನದಿ ಹೇಗಿದೆ ಮಿಸ್ಟರ್ ಪ್ರೂಯಿಟ್?"

"ಶಾರ್ಟೀರ್ ಇಳೀತಿದೆ," ಎಂದೆ.

ಮುಗಿಯಿತು. ಮನೆ ಮುಂದೆ ಬಂದು ಮೆಟ್ಟಿಲ ಮೇಲೆ ನಿಂತ ನನಗೆ ನನ್ನ ನಾಲಿಗೆಯೇ ಗೋರಿ ತೋಡಿತು. ಅವಳು ನಿಟ್ಟುಸಿರುಬಿಟ್ಟಳು.

"ಬಂದವರನ್ನ ಹಸಿದು ಕಳ್ಸೋ ಪದ್ಧತಿ ನಮ್ಮ ದಂಡೇಲಿಲ್ಲ. ತಿಂದು ಹೋಗಿ."

ಇದು ಕೊನೆಯ ಊಟ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಬೇಯಿಸಿದ ಅವರೆಕಾಳು, ಕರಿದ ಹೊಳೆಮೀನು, ಮೆಕ್ಕೆಜೋಳದ ಬ್ರೆಡ್ಡು ತಂದಿಟ್ಟು ಎದುರು ಕೂತಳು. ನಾನು ಬ್ರೆಡ್ಡು ಮುರಿದು ಬಾಯಿಗಿಟ್ಟೆ. ಎಷ್ಟು ಅಗಿದರೂ ಗಂಟಲಲ್ಲಿ ಇಳಿಯಲಿಲ್ಲ. ಇನ್ನು ಈ ಮೇಜಿನ ಮುಂದೆ ಕೂರುವುದಿಲ್ಲ ಎಂಬ ಸಂಕಟ ಒಂದು ಕಡೆ, ಆ ಬ್ರೆಡ್ಡು ಇನ್ನೊಂದು ಕಡೆ. ಇನ್ನು ಕಳೆದುಕೊಳ್ಳುವುದೇನೂ ಇಲ್ಲದವನಿಗೆ ಬರುವ ಒಂದು ಬಗೆಯ ಸಿಟ್ಟು ಬಂತು.

"ಇದಕ್ಕೆ ಸಕ್ಕರೆ ಯಾಕೆ ಹಾಕ್ತೀಯ?" ಎಂದೆ.

"ಏನಂದ್ರಿ?"

"ಸಕ್ಕರೆ. ಮೆಕ್ಕೆಜೋಳದ ಬ್ರೆಡ್ಡಿಗೆ ಸಕ್ಕರೆ ಹಾಕೋದು ಪಾಪ. ನಮ್ಮ ದಂಡೇಲಿ ನಾಯಿ ಕೂಡ ಮುಟ್ಟಲ್ಲ. ಐದು ತಿಂಗಳಿಂದ ನೀರು ಕುಡಿದು ಕುಡಿದು ನುಂಗ್ತಿದೀನಿ."

ಅಂದ ಮೇಲೆ ನನಗೇ ಗಾಬರಿಯಾಯಿತು.

"ಚೆನ್ನಾಗಿದೆ ಅಂತಿದ್ರಲ್ಲ. ಎರಡೆರಡು ಸಲ ಹಾಕಿಸ್ಕೊಂಡು ತಿಂತಿದ್ರಿ."

"ಸುಳ್ಳು ಹೇಳ್ತಿದ್ದೆ."

"ಮತ್ತೇನು ಸುಳ್ಳು?"

ಕಟ್ಟೆ ಒಡೆದಿತ್ತು. ನಾನೇಕೆ ನಿಲ್ಲಿಸಲಿ? "ಈ ಕುರ್ಚಿ," ಎಂದೆ. "ಒಂದು ಕಾಲು ಗಿಡ್ಡ. ಗುರುವಾರ ಕೂತ್ರೆ ಶನಿವಾರದವರೆಗೂ ಸೊಂಟ ನೋವು. ನಿನ್ನ ಪಾದ್ರಿ ಒಳ್ಳೆ ಮನುಷ್ಯ, ನೀನು ಸುಮ್ನೆ ಅವರ ಮೇಲೆ ಹರಿಹಾಯ್ತೀಯ. ನಿನ್ನ ನಾಯಿ ನನ್ನ ಕಾಲ ಮೇಲೇ ಮಲಗತ್ತೆ, ಮೀನಿನ ವಾಸನೆ ಹೊಡೆಯತ್ತೆ. ಗಾಡಿಯನ್ನ ಕೊಟ್ಟಿಗೆ ಹಿಂದೆ ನಿಲ್ಸು ಅಂತ ನೀನಂದೆ, ನಾನು ಹೂಂ ಅಂದೆ, ಆದ್ರೆ ಹಾಗೆ ಕಳ್ಳನ ಥರ ಬರೋದು ನಂಗೆ ಒಂದು ದಿನಾನೂ ಇಷ್ಟ ಆಗ್ಲಿಲ್ಲ."

ಉಸಿರು ಸಾಲದೆ ನಿಲ್ಲಿಸಿದೆ. ಐಡೆಲಾ ಬ್ರೆಡ್ಡಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಒಂದು ತುಂಡು ಮುರಿದು, ಅದನ್ನೇ ನೋಡುತ್ತ ಕೂತಳು.

"ರಾಯ್ಸ್ ಇಪ್ಪತ್ತೇಳು ವರ್ಷ ಇದನ್ನ ತಿಂದ," ಎಂದಳು. "ಅವನೂ ನಿಮ್ಮ ದಂಡೆಯವನೇ. ಅವನಿಗೆ ಇಷ್ಟ ಇತ್ತೋ ಇಲ್ವೋ ನಂಗೆ ಇವತ್ತಿಗೂ ಗೊತ್ತಿಲ್ಲ."

ಅವಳ ದನಿ ಒಡೆಯಿತು. ಕೈ ಚಾಚಿ ಅವಳ ಕೈ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಮೂಗೊರೆಸಿಕೊಂಡು, ಎದ್ದು ಕಾಫಿಗೆ ನೀರಿಟ್ಟು ಬಂದು, ಕುರ್ಚಿಯನ್ನು ನನ್ನ ಪಕ್ಕಕ್ಕೆಳೆದು ಕೂತಳು.

"ಇನ್ನೂ ಏನಿದೆ ಹಾರ್ಲನ್, ಹೇಳು."

ಇನ್ನೂ ಬಹಳ ಇತ್ತು. ಕಿಟಕಿಯ ಪರದೆಗಳನ್ನು ಹೇಳಿದೆ, ಅವಳ ತಮ್ಮನನ್ನು ಹೇಳಿದೆ, ಓಟಿನ ವಿಷಯಕ್ಕೂ ಕೈ ಹಾಕಿದೆ. ಅವಳು ಪ್ರತಿಯೊಂದಕ್ಕೂ ಎದುರು ವಾದಿಸಿದಳು, ಎಷ್ಟೋ ಕಡೆ ನನ್ನನ್ನು ಮಣ್ಣುಮುಕ್ಕಿಸಿದಳು, ಕೆನ್ನೆ ಕೆಂಪಗಾಗಿ ಹುಡುಗಿಯಂತೆ ಕಾಣುತ್ತಿದ್ದಳು. ಕಾಫಿ ಎರಡು ಸಲ ತಣ್ಣಗಾಯಿತು.

ಹೊರಡುವಾಗ ಬಾಗಿಲಲ್ಲಿ ಕೇಳಿದೆ, "ಹಾಗಾದ್ರೆ ಮುಂದಿನ ವಾರದಿಂದ ಸಕ್ಕರೆ ಹಾಕಲ್ವಾ?"

"ಹಾಕೇ ಹಾಕ್ತೀನಿ," ಎಂದಳು ಐಡೆಲಾ. "ಬೇಡ ಅನ್ನೋಕೆ ಬಾ."